ಭಾವನ ತಂಡದ ಕೋಚು

2025ರ ಏಪ್ರಿಲ್ 6, ರಾಮನವಮಿಯ ರಾತ್ರಿ. ಚಿತ್ತಾಕುಲದ ಚಾ ಅಂಗಡಿಯೊಂದರಲ್ಲಿ ಬಿಸ್ಕಿಟಿನ ಭರಣಿಗೆ ಒರಗಿಸಿಟ್ಟ ಮೊಬೈಲಿನ ಎದುರು ಏಳೆಂಟು ತಲೆಗಳು. ಮಡಗಾಂವಿನ ಫಾತೋರ್ಡಾ ಮೈದಾನದಲ್ಲಿ ಐಎಸ್‌ಎಲ್ ಫುಟ್‌ಬಾಲ್ ಸೆಮಿಫೈನಲಿನ ಎರಡನೇ ಪಂದ್ಯ ನಡೆಯುತ್ತಿತ್ತು. ಮೊದಲ ಪಂದ್ಯವನ್ನು ಕಂಠೀರವದಲ್ಲಿ 2–0ಯಿಂದ ಗೆದ್ದಿದ್ದ ಬೆಂಗಳೂರು ಎಫ್‌ಸಿ ನೆಮ್ಮದಿಯಿಂದಲೇ ಹೋಗಿತ್ತು. ಎಫ್‌ಸಿ ಗೋವಾ ಪರವಾಗಿ ಬೋರ್ಹಾ ಹೆರೆರಾ ಒಂದು ಗೋಲು ಹೊಡೆದ. 88ನೇ ನಿಮಿಷದಲ್ಲಿ ಅರ್ಮಾಂಡೊ ಸಾದಿಕು ಇನ್ನೊಂದು. ಲೆಕ್ಕ ಸಮ. ನನ್ನ ಭಾವ ಎದ್ದು ನಿಂತು, ಅಂಗಡಿಯಲ್ಲಿದ್ದವರಿಗೆಲ್ಲ ಚಾ ಹೇಳಿದರು. ಚಾ ಕುದಿಯುವಷ್ಟರಲ್ಲಿ, ಹೆಚ್ಚುವರಿ ಎರಡನೇ ನಿಮಿಷದಲ್ಲಿ, ಸುನಿಲ್ ಛೇತ್ರಿ ತಲೆಕೊಟ್ಟು ಚೆಂಡನ್ನು ಬಲೆಗೆ ಸೇರಿಸಿಯಾಗಿತ್ತು. ಹೇಳಿದ ಚಾಕ್ಕೆ ಭಾವನೇ ದುಡ್ಡು ಕೊಡಬೇಕಾಯಿತು.

ಆ ಮೇಲೆ ಅರ್ಧ ತಾಸು ನಡೆದದ್ದನ್ನೇ ಈ ಲೇಖನಕ್ಕೆ ಪೀಠಿಕೆ ಎಂದುಕೊಳ್ಳಿ. ಛೇತ್ರಿಯನ್ನು ಒಂಟಿಯಾಗಿ ಬಿಟ್ಟ ಗೋವಾದ ಡಿಫೆಂಡರುಗಳ ಹೆಸರನ್ನು ಯಾರೂ ಎತ್ತಲಿಲ್ಲ. ಗೋಲಿಯ ಸುದ್ದಿಗೂ ಹೋಗಲಿಲ್ಲ. ಎಲ್ಲರ ಬಾಯಿಗೆ ಸಿಕ್ಕಿದ್ದು ಒಬ್ಬನೇ: ಸ್ಪೇನಿನ ಮನೋಲೋ ಮಾರ್ಕೆಝ್, ಗೋವಾದ ಹೆಡ್ ಕೋಚು. "ಭಾವಾ, ನಿಮ್ಮ ಮನೋಲೋನ ಒಂದು ಕಾಲು ಇನ್ನೂ ಶಿಲ್ಲಾಂಗಿನಲ್ಲೇ ಉಳಿದಂಗೆ ಕಾಣ್ತದೆ" ಎಂದು ಯಾರೋ ಶುರು ಮಾಡಿದರು. ಆತ ಆಗ ಗೋವಾ ತಂಡಕ್ಕೂ ಭಾರತ ತಂಡಕ್ಕೂ ಒಟ್ಟೊಟ್ಟಿಗೆ ಕೋಚು. ಹನ್ನೆರಡು ದಿನಗಳ ಹಿಂದಷ್ಟೇ ಶಿಲ್ಲಾಂಗಿನಲ್ಲಿ ಬಾಂಗ್ಲಾದೇಶದ ಎದುರು ಭಾರತ ಗೋಲಿಲ್ಲದ ಡ್ರಾ ಮಾಡಿಕೊಂಡಿತ್ತು. ಎರಡು ದೋಣಿಯ ಮೇಲೆ ಕಾಲಿಟ್ಟವನ ಗಾದೆಯನ್ನು ಮೀನುಗಾರರ ಊರಿನಲ್ಲಿ ವಿವರಿಸಿ ಹೇಳಬೇಕಾಗಿಲ್ಲ. ಅದಕ್ಕಿಂತ ದೊಡ್ಡ ತಮಾಷೆ ಬೇರೆಯೇ ಇತ್ತು. 2024ರ ಜೂನ್‌ನಲ್ಲಿ ಅಂತರರಾಷ್ಟ್ರೀಯ ಆಟಕ್ಕೆ ವಿದಾಯ ಹೇಳಿ ಮನೆಗೆ ಹೋಗಿದ್ದ ಛೇತ್ರಿಯನ್ನು 2025ರ ಮಾರ್ಚ್‌ನಲ್ಲಿ ಮತ್ತೆ ಭಾರತದ ಅಂಗಿ ತೊಡಿಸಿದವನೇ ಈ ಮನೋಲೋ. ಬಾ ಎಂದು ಕರೆಸಿಕೊಂಡು ಕೂತವನೇ ಎದ್ದು ಬಂದು ಕಪಾಳಕ್ಕೆ ಬಾರಿಸಿದ ಹಾಗಾಯಿತು.

ಭಾವ ಎಲ್ಲ ಕೇಳಿಸಿಕೊಂಡರು. ನಕ್ಕರು ಕೂಡ. ಬೇಸರವಾಗಲಿಲ್ಲವೇ ಎಂದು ಮರುದಿನ ಕೇಳಿದರೆ, "ಬೈದದ್ದು ಮನೋಲೋನಿಗಲ್ವ ಮಾರಾಯ, ನನಗೇನು?" ಎಂದರು.

ಎದುರು ತಂಡದ ಸೋಲುತ್ತಿರುವ ಕೋಚನ್ನು ಅಭಿಮಾನಿಗಳು ಯಾಕೆ ಗೇಲಿ ಮಾಡುತ್ತಾರೆ ಎಂಬುದಕ್ಕೆ ನಾನು ಓದಿದ, ಕೇಳಿದ ಉತ್ತರಗಳಲ್ಲಿ ಭಾವನ ಈ ಮಾತೇ ನನಗೆ ಹೆಚ್ಚು ನಿಜ ಅನ್ನಿಸಿದೆ. ಕೋಚನ್ನು ಆಡಿಕೊಂಡರೆ ಎದುರಿಗೆ ಕೂತವನ ಸಂಬಂಧ ಕೆಡುವುದಿಲ್ಲ. ಮಾತು ಅವನಿಗೆ ತಾಗುತ್ತದೆ, ಗಾಯ ಆಗುವುದಿಲ್ಲ. ಈ ಏರ್ಪಾಡು ಎಲ್ಲಿ ನಡೆಯುತ್ತದೆ, ಎಲ್ಲಿ ಮುರಿದು ಬೀಳುತ್ತದೆ ಎಂದು ನೋಡುತ್ತ ಹೋಗುವುದಷ್ಟೇ ಇಲ್ಲಿ ನನ್ನ ಕೆಲಸ.

ನಮ್ಮ ಊರು ಇಂಥ ನೋಟಕ್ಕೆ ಹೇಳಿ ಮಾಡಿಸಿದ ಜಾಗ. ಚಿತ್ತಾಕುಲ, ಸದಾಶಿವಗಡ ಇರುವುದು ಕಾಳಿ ನದಿಯ ಉತ್ತರ ದಂಡೆಯಲ್ಲಿ. ಜಿಲ್ಲಾ ಕೇಂದ್ರವಾದ ಕಾರವಾರಕ್ಕೆ ಹೋಗಬೇಕಾದರೂ ನಾವು ಸೇತುವೆ ದಾಟಬೇಕು; ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದು ಬಿದ್ದ ಮೇಲೆ ಆ ದಾಟುವಿಕೆ ನೆನಪಿಗೆ ಹೆಚ್ಚು ಬರುತ್ತದೆ. ಇನ್ನೊಂದು ದಿಕ್ಕಿಗೆ ಮಾಜಾಳಿ ಮುಗಿದರೆ ಪೊಳೆಂ, ಅಲ್ಲಿಂದ ಗೋವಾ. ಫಾತೋರ್ಡಾಕ್ಕೆ ಪಂದ್ಯ ನೋಡಲು ಹೋಗಿ ರಾತ್ರಿ ಮನೆಗೆ ಬಂದು ಮಲಗಬಹುದು. ಕಂಠೀರವ ಐನೂರು ಕಿಲೋಮೀಟರು ಆಚೆ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಕೆಲಸ ವೆರ್ಣಾದಲ್ಲೋ ವಾಸ್ಕೋದಲ್ಲೋ ಎನ್ನುವ ಮನೆಗಳು ಇಲ್ಲಿ ಬೇಕಾದಷ್ಟು. ಅಣ್ಣ ಬೆಂಗಳೂರು, ತಮ್ಮ ಗೋವಾ. ನಮ್ಮ ಮನೆಯಲ್ಲಿ ನಾನು ಬೆಂಗಳೂರು, ಅಕ್ಕನ ಗಂಡ ಗೋವಾ. ಭಾವ–ಭಾವಮೈದುನರು ಒಬ್ಬರನ್ನೊಬ್ಬರು ಕಿಚಾಯಿಸಲೇಬೇಕು ಎನ್ನುವುದು ಕನ್ನಡದ ಮನೆಗಳಲ್ಲಿ ಹಿಂದಿನಿಂದ ಬಂದ ಪರವಾನಗಿ. ಫುಟ್‌ಬಾಲು ಅದಕ್ಕೊಂದು ವಿಷಯ ಒದಗಿಸಿತು, ಅಷ್ಟೆ.

ನಮ್ಮಿಬ್ಬರ ಲೆಕ್ಕದ ಪುಸ್ತಕ 2016ರಿಂದ ಶುರುವಾಗುತ್ತದೆ. ಬ್ರೆಜಿಲಿನ ಝೀಕೊ ಆಗ ಗೋವಾದ ಕೋಚು. ಹಿಂದಿನ ವರ್ಷ ಫಾತೋರ್ಡಾದಲ್ಲೇ ಚೆನ್ನೈಯಿನ್ ಎದುರು ಫೈನಲ್ ಸೋತಿದ್ದ ತಂಡ ಆ ವರ್ಷ ಕಟ್ಟಕಡೆಯ ಸ್ಥಾನಕ್ಕೆ ಇಳಿಯಿತು. ಅದೇ ವರ್ಷ ಆಲ್ಬರ್ಟ್ ರೋಕಾ ಕೈಯಲ್ಲಿದ್ದ ಬೆಂಗಳೂರು ಎಎಫ್‌ಸಿ ಕಪ್ಪಿನ ಫೈನಲಿಗೆ ಹೋಗಿ ದೋಹಾದಲ್ಲಿ ಇರಾಕಿನ ತಂಡಕ್ಕೆ ಒಂದೇ ಗೋಲಿನಿಂದ ಸೋತು ಬಂದಿತ್ತು. ಇಬ್ಬರೂ ಸೋತವರೇ, ಆದರೆ ನಮ್ಮ ಸೋಲು ಎತ್ತರದ ಸೋಲು. ಝೀಕೊ ಎಂದರೆ ಭಾವನಿಗೆ ದೇವರ ಫೋಟೋದ ಪಕ್ಕದ ಫೋಟೋ. "ದೇವರಿಗೆ ಮೈದಾನದ ಬದಿಯಲ್ಲಿ ಕುರ್ಚಿ ಹಾಕಿ ಕೂರಿಸಬಾರದು ಭಾವಾ" ಎಂದು ನಾನು ಅಂದದ್ದಕ್ಕೆ ಅವರು ಒಂದು ವರ್ಷ ಕಾದು, 2017ರ ನವೆಂಬರ್ 30ರಂದು ಫಾತೋರ್ಡಾದಲ್ಲಿ ಗೋವಾ 4–3ರಿಂದ ಗೆದ್ದ ರಾತ್ರಿ ಫೋನು ಮಾಡಿ ಬರೀ ನಕ್ಕು ಇಟ್ಟರು. 2019ರ ಮಾರ್ಚ್ 17ರಂದು ಮುಂಬೈಯಲ್ಲಿ ಫೈನಲು. 117ನೇ ನಿಮಿಷದಲ್ಲಿ ರಾಹುಲ್ ಭೇಕೆ ಹೊಡೆದ ಗೋಲಿನಿಂದ ಕಪ್ಪು ಬೆಂಗಳೂರಿಗೆ. ಆ ರಾತ್ರಿ ನಾನು ಫೋನು ಮಾಡಲಿಲ್ಲ. ಬೆಳಿಗ್ಗೆ ಮಾಡಿದೆ, ನಿದ್ದೆ ಬಂತಾ ಎಂದು ಕೇಳಲು.

ಗೋವಾದವರನ್ನು ಆಡಿಕೊಳ್ಳಲು ಕೋಚು ಸೋಲಬೇಕೆಂದೇ ಇಲ್ಲ. 2020ರ ಜನವರಿ ಕೊನೆಗೆ ಪಟ್ಟಿಯ ತುದಿಯಲ್ಲಿದ್ದಾಗಲೇ ಸೆರ್ಜಿಯೊ ಲೊಬೆರಾನನ್ನು ಕಳಿಸಿಬಿಟ್ಟ ತಂಡ ಅದು. ಅವನ ನಂತರದ ಹುವಾನ್ ಫೆರಾಂಡೊ 2021ರ ಡಿಸೆಂಬರಿನಲ್ಲಿ, ಋತುವಿನ ನಡುವೆಯೇ, ಕೋಲ್ಕತಾದ ಎಟಿಕೆ ಮೋಹನ್ ಬಾಗಾನಿಗೆ ಹೊರಟುಹೋದ. ಒಬ್ಬನನ್ನು ಓಡಿಸಿದರು, ಇನ್ನೊಬ್ಬ ಓಡಿಹೋದ. ನನಗೆ ಎರಡೂ ಉಪಯೋಗಕ್ಕೆ ಬಂದವು.

ಇನ್ನು ನನ್ನ ಸರದಿ ಬಂದಾಗಿನ ಕಥೆ. 2019ರಲ್ಲಿ ಕಪ್ಪು ತಂದುಕೊಟ್ಟ ಕಾರ್ಲೆಸ್ ಕ್ವಾದ್ರಾತ್ 2021ರ ಜನವರಿಯಲ್ಲಿ ಸತತ ಮೂರು ಸೋಲಿನ ಬೆನ್ನಿಗೇ ಹೊರಗೆ ಹೋದರು. ಆದರೆ ನನ್ನನ್ನು ಹೆಚ್ಚು ಹಣ್ಣು ಮಾಡಿದ್ದು ಇಂಗ್ಲೆಂಡಿನ ಸೈಮನ್ ಗ್ರೇಸನ್. 2022ರ ಸೆಪ್ಟೆಂಬರಿನಲ್ಲಿ ಡ್ಯುರಾಂಡ್ ಕಪ್ ಗೆದ್ದು ಎದೆ ಉಬ್ಬಿಸಿದ ಮನುಷ್ಯ, ಐಎಸ್‌ಎಲ್ ಶುರುವಾದ ಮೇಲೆ ತಂಡವನ್ನು ಪಟ್ಟಿಯ ಕೆಳಗೆ ಕೂರಿಸಿದರು. ಆಗ ಭಾವ ಬಳಸಿದ ಅಸ್ತ್ರ ನನಗೆ ಹೊಸದು. ಅವರು ಗ್ರೇಸನ್ನರನ್ನು ಬೈಯಲಿಲ್ಲ, ಹೊಗಳತೊಡಗಿದರು. "ಎಷ್ಟು ಸಮಾಧಾನದ ಮನುಷ್ಯ! ಇಂಥವರನ್ನು ಐದು ವರ್ಷಕ್ಕೆ ಬರೆಸಿಕೊಳ್ಳಬೇಕು ನೋಡು." ನಾನು ಗ್ರೇಸನ್ನರನ್ನು ಬೈದರೆ ಭಾವ ಅವರ ಪರ ವಾದಿಸುತ್ತಿದ್ದರು. ಇದು ಎದುರಾಳಿ ಅಭಿಮಾನಿಯ ಪರಮಾಸ್ತ್ರ ಎಂದು ಆಮೇಲೆ ತಿಳಿಯಿತು. ಸ್ವಂತ ತಂಡದವರು ಕೋಚನ್ನು ಕಿತ್ತು ಹಾಕಿ ಎನ್ನುತ್ತಾರೆ. ಎದುರಾಳಿಗಳು ಇವರನ್ನೇ ಉಳಿಸಿಕೊಳ್ಳಿ ಎನ್ನುತ್ತಾರೆ. ಎರಡರಲ್ಲಿ ಹೆಚ್ಚು ಉರಿಸುವುದು ಯಾವುದು ಎಂದು ಅನುಭವಿಸಿದವರಿಗೆ ಗೊತ್ತು.

ಈ ಉಪಾಯ ನಮ್ಮ ಕಡೆಯವರಿಗೆ ಹೊಸದೇನಲ್ಲ. ಕರ್ಣಪರ್ವದ ತಾಳಮದ್ದಳೆಗೆ ಒಂದು ರಾತ್ರಿ ಕೂತವರಿಗೂ ಶಲ್ಯನ ಸಂಗತಿ ಗೊತ್ತಿರುತ್ತದೆ. ಕರ್ಣನಿಗೆ ನೀನೇ ಸಾರಥಿಯಾಗು, ರಥದ ಮೇಲೆ ಕೂತು ಅವನ ತೇಜಸ್ಸು ಕುಂದಿಸು ಎಂದು ಶಲ್ಯನನ್ನು ಬೇಡಿಕೊಂಡವನು ಧರ್ಮರಾಯ. ಎದುರು ಪಾಳೆಯದ ಸಾರಥಿ ಹೇಗಿರಬೇಕು ಎಂದು ಆಸೆಪಟ್ಟವರಲ್ಲಿ ಧರ್ಮರಾಯನಿಗಿಂತ ಹಿರಿಯನಿಲ್ಲ. ಭಾವ ಮಾಡಿದ್ದು ಅದನ್ನೇ, ಸ್ವಲ್ಪ ಕಡಿಮೆ ಧರ್ಮದಿಂದ.

ಗ್ರೇಸನ್ನರ ವಿಷಯದಲ್ಲಿ ಶಲ್ಯ ತಿರುಗಿಬಿದ್ದ. ಬೆಂಗಳೂರು ಲೀಗಿನ ಕೊನೆಯ ಎಂಟು ಪಂದ್ಯಗಳನ್ನು ಸಾಲಾಗಿ ಗೆದ್ದು ನಾಲ್ಕನೇ ಸ್ಥಾನಕ್ಕೆ ಬಂತು, ಫೈನಲ್ ತನಕ ಹೋಯಿತು, ಅದೂ ಫಾತೋರ್ಡಾದಲ್ಲಿ. 2023ರ ಮಾರ್ಚ್ 18ರಂದು ಪೆನಾಲ್ಟಿಯಲ್ಲಿ ಸೋತದ್ದು ಬೇರೆ ಮಾತು. ಅದೇ ಡಿಸೆಂಬರಿನಲ್ಲಿ ಮುಂಬೈ ಸಿಟಿ ಕಂಠೀರವಕ್ಕೇ ಬಂದು ನಾಲ್ಕು ಗೋಲು ಹೊಡೆದು ಹೋದ ಬೆನ್ನಿಗೆ ಗ್ರೇಸನ್ನರನ್ನು ಕಳಿಸಲಾಯಿತು. ಒಂದೂಕಾಲು ವರ್ಷದಲ್ಲಿ ಒಬ್ಬನೇ ಮನುಷ್ಯ ಹೀರೋ, ಜೋಕರು, ಹೀರೋ, ಮಾಜಿ. ಅವರನ್ನು ಕಳಿಸಿದ ಮೇಲಾದರೂ ಏನಾಯಿತು? ಹನ್ನೆರಡು ತಂಡಗಳಲ್ಲಿ ನಾವು ಹತ್ತನೆಯವರಾದೆವು.

ಈ ಏರಿಳಿತಕ್ಕೆ ಕೋಚು ಎಷ್ಟು ಕಾರಣ ಎಂಬ ಪ್ರಶ್ನೆಯನ್ನು ಅರ್ಥಶಾಸ್ತ್ರಜ್ಞರು ನಮಗಿಂತ ತಾಳ್ಮೆಯಿಂದ ಕೇಳಿದ್ದಾರೆ. ನೆದರ್‌ಲ್ಯಾಂಡ್ಸಿನ ಬಾಸ್ ಟೆರ್ ವೀಲ್ ಎಂಬವರು ಅಲ್ಲಿನ ಲೀಗಿನ 1986ರಿಂದ 2004ರವರೆಗಿನ ಪಂದ್ಯಗಳನ್ನು ಲೆಕ್ಕ ಹಾಕಿ 2011ರಲ್ಲಿ ಪ್ರಕಟಿಸಿದರು. ಸೋಲುತ್ತಿದ್ದ ತಂಡ ಕೋಚನ್ನು ಬದಲಿಸಿದರೆ ಸುಧಾರಿಸುತ್ತದೆ, ನಿಜ. ಅಷ್ಟೇ ಕೆಟ್ಟದಾಗಿ ಸೋಲುತ್ತಿದ್ದು ಕೋಚನ್ನು ಬದಲಿಸದ ತಂಡವೂ ಹೆಚ್ಚುಕಡಿಮೆ ಅಷ್ಟೇ ಸುಧಾರಿಸುತ್ತದೆ. ಕೆಟ್ಟ ಕಾಲ ಎನ್ನುವುದಕ್ಕೆ ತನ್ನದೇ ಉಬ್ಬರ–ಇಳಿತ ಇದೆ. ಇಳಿತದ ಹೊತ್ತಿಗೆ ದಡದಲ್ಲಿ ನಿಂತವನು ಬೈಗುಳ ತಿನ್ನುತ್ತಾನೆ. ಕೋಚನ್ನು ಕಿತ್ತು ಹಾಕುವುದರಿಂದ ಆಗುವ ಪ್ರಯೋಜನ ಇಷ್ಟಾದರೆ, ಎದುರಾಳಿಯ ಗೇಲಿಯಿಂದ ಆಗುವುದು ಎಷ್ಟು ಎಂದು ನೀವೇ ಅಂದಾಜು ಮಾಡಿ. ಪಂದ್ಯದ ಮಟ್ಟಿಗೆ ಅದು ಸೊನ್ನೆ. ಗೇಲಿ ಪಂದ್ಯಕ್ಕಾಗಿ ಹುಟ್ಟಿದ್ದೇ ಅಲ್ಲ.

ಮತ್ತೆ ಯಾವುದಕ್ಕೆ? ಸೋತ ಎದುರಾಳಿಯನ್ನು ನೋಡಿ ಬರುವ ಖುಷಿಯ ಬಗ್ಗೆ ಕಾಲಿನ್ ಲೀಚ್, ರಸೆಲ್ ಸ್ಪಿಯರ್ಸ್ ಮತ್ತಿತರರು 2003ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಜರ್ಮನಿ ಸೋತಾಗ ಡಚ್ ವಿದ್ಯಾರ್ಥಿಗಳಿಗೆ ಎಷ್ಟು ಸಂತೋಷವಾಗುತ್ತದೆ ಎಂದು ಅಳೆದದ್ದು. ತಮ್ಮ ಫುಟ್‌ಬಾಲಿನ ಕೊರತೆಯನ್ನು ಮೊದಲೇ ನೆನಪಿಸಿ ಕೇಳಿದರೆ ಆ ಸಂತೋಷ ಹೆಚ್ಚುತ್ತಿತ್ತಂತೆ. ಓದಿದಾಗ ನನಗೆ ಕೊಂಚ ನಾಚಿಕೆಯಾಯಿತು. ಮನೋಲೋನನ್ನು ನೋಡಿ ನಾನು ಅಷ್ಟು ಜೋರಾಗಿ ನಕ್ಕದ್ದು ಯಾವ ಹೊತ್ತಿನಲ್ಲಿ? ಹಿಂದಿನ ಋತುವಿನಲ್ಲಿ ಹತ್ತನೇ ಸ್ಥಾನದಲ್ಲಿದ್ದವರು ನಾವು. ಈ ಸಲ ಲೀಗಿನಲ್ಲಿ ಎರಡನೇ ಸ್ಥಾನ ಪಡೆದ ತಂಡದ ಕೋಚು ಆತ. ಗೇಲಿ ಮಾಡುವವನ ಜೇಬು ಹುಡುಕಿದರೆ ಅವನದೇ ಹಳೆಯ ಸೋಲಿನ ಚೀಟಿ ಸಿಗುತ್ತದೆ.

ಕನ್ನಡದಲ್ಲಿ ಇದಕ್ಕೆ ಒಂದೇ ಶಬ್ದ ಇಲ್ಲದಿರುವುದು ಒಳ್ಳೆಯದೇ ಆಯಿತು. ಕಾಲೆಳೆಯುವುದು ಬೇರೆ, ಅಣಕಿಸುವುದು ಬೇರೆ, ಹಂಗಿಸುವುದು ಬೇರೆ, ಹೀಯಾಳಿಸುವುದು ಬೇರೆ. ಕಾಲೆಳೆಯಬೇಕಾದರೆ ಇಬ್ಬರೂ ಒಂದೇ ಚಾಪೆಯ ಮೇಲೆ ಕೂತಿರಬೇಕು. ಅಣಕಿಸಲು ಎದುರಿನವನ ನಡೆನುಡಿಯನ್ನು ಚೆನ್ನಾಗಿ ನೋಡಿರಬೇಕು; ಒಂದು ಬಗೆಯಲ್ಲಿ ಅದು ಗಮನವಿಟ್ಟು ನೋಡಿದ್ದಕ್ಕೆ ಸಾಕ್ಷಿ. ಹಂಗಿಸುವವನು ಹಳೆಯ ಋಣ ಎತ್ತಿ ಆಡುತ್ತಾನೆ. ಹೀಯಾಳಿಸುವವನಿಗೆ ಇದು ಯಾವುದೂ ಬೇಡ, ಬಾಯಿ ಸಾಕು. ಈಗ ನಾಲ್ಕಕ್ಕೂ ಸೇರಿಸಿ ಟ್ರೋಲ್ ಎಂದುಬಿಟ್ಟಿದ್ದೇವೆ.

ಅಂಕೋಲೆಯ ಕಡೆ ಹಾಲಕ್ಕಿ ಒಕ್ಕಲಿಗರ ಸುಗ್ಗಿ ನೋಡಿದವರಿಗೆ ಹಗರಣ ಗೊತ್ತಿರುತ್ತದೆ. ತುರಾಯಿ ಕಟ್ಟಿಕೊಂಡು ಮನೆ ಮನೆಯ ಅಂಗಳದಲ್ಲಿ ಕುಣಿಯುವ ಸುಗ್ಗಿ ಹೋಳಿ ಹುಣ್ಣಿಮೆಗೆ ಮುಗಿಯುತ್ತ ಬರುವಾಗ ಹಗರಣದ ವೇಷಗಳು ಹೊರಡುತ್ತವೆ. ವರ್ಷವಿಡೀ ಸುದ್ದಿಯಲ್ಲಿದ್ದವರು, ದೊಡ್ಡ ಮಾತಾಡಿದವರು, ಕೆಲಸ ಕೆಡಿಸಿದವರು ಎಲ್ಲರೂ ಅಲ್ಲಿ ಬಣ್ಣ ಬಳಿದುಕೊಂಡು ಬರುತ್ತಾರೆ. ಪತ್ರಿಕೆಗಳಲ್ಲಿ ಹಗರಣ ಎಂದರೆ ದುಡ್ಡು ತಿಂದ ಸುದ್ದಿ; ನಮ್ಮಲ್ಲಿ ಹಗರಣ ಎಂದರೆ ಆ ಸುದ್ದಿಯ ವೇಷ. ಅಲ್ಲಿನ ಕಟ್ಟಳೆ ನನಗೆ ಇಷ್ಟ: ಅಣಕಿಸುವವನು ವೇಷ ಕಟ್ಟಿಕೊಂಡು ಬಿಸಿಲಲ್ಲಿ ನಿಲ್ಲಬೇಕು. ನೋಡುವ ಜನರ ನಡುವೆ ಅವನ ಊರಿನವರೇ ಇರುತ್ತಾರೆ. ಅದಕ್ಕೊಂದು ದಿನ ಇದೆ, ಮರುದಿನ ಇಲ್ಲ.

ಕೋಚಿನ ಗೇಲಿಗೂ ಹೀಗೊಂದು ಕಟ್ಟಳೆ ನಮ್ಮಲ್ಲಿ ತಾನಾಗಿ ಬಂದಿತ್ತು. ಐಎಸ್‌ಎಲ್ ಕೋಚುಗಳಲ್ಲಿ ಹೆಚ್ಚಿನವರು ಹೊರದೇಶದವರು, ಅದರಲ್ಲೂ ಸ್ಪೇನಿನವರು. ಚಿತ್ತಾಕುಲದಲ್ಲಿ ಅರ್ಧ ಕನ್ನಡ ಅರ್ಧ ಕೊಂಕಣಿಯಲ್ಲಿ ಹೇಳಿದ ಮಾತು ಮನೋಲೋನ ಕಿವಿಗೆ ಬೀಳುವುದೂ ಇಲ್ಲ, ಬಿದ್ದರೆ ತಿಳಿಯುವುದೂ ಇಲ್ಲ. ಆಟಗಾರರನ್ನು ಆಡಿಕೊಂಡರೆ ಹಾಗಲ್ಲ. ಗೋವಾದ ಹುಡುಗ ಯಾರದೋ ಮಾವನ ಮಗನಾಗಿರುತ್ತಾನೆ, ಯಾರದೋ ಚರ್ಚಿನವನು, ಯಾರದೋ ವಾಡೆಯವನು. ಅವನ ಕಾಲಿನ ಬಗ್ಗೆ ಅಂದ ಮಾತು ಮೂರು ಮನೆ ಸುತ್ತಿ ಜಾತಿಗೆ, ಊರಿಗೆ ಹೋಗಿ ನಿಲ್ಲುತ್ತದೆ. ಕೋಚಿಗೆ ಇಲ್ಲಿ ಜಾತಿ ಇಲ್ಲ, ನೆಂಟರಿಲ್ಲ, ಮುಂದಿನ ವರ್ಷ ಇರುತ್ತಾನೆ ಎಂಬ ಖಾತರಿಯೂ ಇಲ್ಲ. ಹೊಲದ ಬೆರ್ಚಪ್ಪನ ಹಾಗೆ. ಹಕ್ಕಿ ಕುಕ್ಕಿದರೂ ಬೆಳೆಗೆ ನಷ್ಟವಿಲ್ಲ.

ಆದರೆ ಕೋಚು ಬೆರ್ಚಪ್ಪನಾಗಿ ಉಳಿಯದೆ ಮಾತು ತಿಳಿಯುವವನಾದಾಗ ಏನಾಗುತ್ತದೆ? ಇದಕ್ಕೆ ನನ್ನ ಬಳಿ ಒಂದು ಸಣ್ಣ ಕಥೆಯೂ ಒಂದು ದೊಡ್ಡ ಕಥೆಯೂ ಇವೆ.

ಸಣ್ಣದು ನನ್ನದು. ಕಾಲೇಜಿನಲ್ಲಿದ್ದಾಗ ಅಂತರ ಕಾಲೇಜು ಫುಟ್‌ಬಾಲ್ ಪಂದ್ಯಕ್ಕೆ ನಾವು ಗಲಾಟೆ ಮಾಡಲೆಂದೇ ಹೋಗುತ್ತಿದ್ದೆವು. ನಮ್ಮಲ್ಲಿ ಕಾಲೇಜು ತಂಡಕ್ಕೆ ಹೆಡ್ ಕೋಚು ಎಂಬ ಪ್ರಾಣಿ ಇರುವುದಿಲ್ಲ. ದೈಹಿಕ ಶಿಕ್ಷಣ ನಿರ್ದೇಶಕರು, ಅಂದರೆ ಪಿ.ಡಿ. ಸರ್, ಅವರೇ ಖೋಖೋಗೂ ಕಬಡ್ಡಿಗೂ ಫುಟ್‌ಬಾಲಿಗೂ ಆಗಸ್ಟ್ 15ರ ಪಥಸಂಚಲನಕ್ಕೂ. ಎದುರು ಕಾಲೇಜಿನ ಪಿ.ಡಿ. ಸರ್ ತಂಡ ಆ ವರ್ಷ ಎಲ್ಲ ಪಂದ್ಯ ಸೋಲುತ್ತ ಬಂದಿತ್ತು. ಅವರಿಗೊಂದು ಅಭ್ಯಾಸ. ಗೆರೆಯ ಬದಿಯಲ್ಲಿ ಮಡಚಿದ ಕೊಡೆ ಹಿಡಿದು, ಪ್ರತಿ ಸಲ ಚೆಂಡು ಹೋದಾಗಲೂ "ಪಾಸ್ ಕೊಡ್ರೋ, ಪಾಸ್ ಕೊಡ್ರೋ" ಎಂದು ಕೂಗುವುದು. ನಾವು ಮೂವತ್ತು ಜನ ಕೊಡೆ ಹಿಡಿದ ಹಾಗೆ ಕೈ ಮಾಡಿ ಅದನ್ನೇ ರಾಗವಾಗಿ ಕೂಗಿದೆವು. ಮೊದಲರ್ಧ ಮುಗಿಯುವಷ್ಟರಲ್ಲಿ ಅವರು ಕೂಗುವುದನ್ನು ನಿಲ್ಲಿಸಿದರು. ಎರಡನೇ ಅರ್ಧದಲ್ಲಿ ಅವರ ಹುಡುಗರು ಗೆರೆಯ ಕಡೆ ನೋಡಿ ನೋಡಿ ಆಡುತ್ತಿದ್ದರು, ಆ ಕೂಗು ಬರುತ್ತದೇನೋ ಎಂದು. ಬರಲಿಲ್ಲ. ನಾಲ್ಕು ಗೋಲಿನಿಂದ ಸೋತರು. ಇಂಥ ಗೆಲುವು ಇನ್ನೊಂದಿಲ್ಲ ಎಂದು ನಾವು ಬಸ್ಸಿನ ಛಾವಣಿ ಬಡಿಯುತ್ತ ಬಂದೆವು.

ಆ ತಂಡದ ಹಾಫ್‌ಬ್ಯಾಕು ಒಬ್ಬ ಹಲವು ವರ್ಷಗಳ ಮೇಲೆ ನನ್ನ ಅಕ್ಕನನ್ನು ಮದುವೆಯಾದ. ಅವರೇ ಈ ಭಾವ. ಮದುವೆಯ ಮರುದಿನ ಹಳೆಯ ಮಾತು ಬಂದಾಗ ನಾನು ಕೊಡೆಯ ಕಥೆ ತೆಗೆದೆ. ಅವರು ನಗಲಿಲ್ಲ. ತಂಡದಲ್ಲಿ ಎಲ್ಲರಿಗೂ ಬೂಟು ಇರಲಿಲ್ಲ, ಬದಲಿ ಆಟಗಾರ ಒಳಗೆ ಹೋಗಬೇಕಾದರೆ ಹೊರಬಂದವನ ಬೂಟು ಹಾಕಿಕೊಳ್ಳಬೇಕಿತ್ತು, ಬಸ್ ಚಾರ್ಜು ಸರ್ ಕೈಯಿಂದಲೇ ಹೋಗಿತ್ತು ಎಂದರು. "ವಾಪಸ್ ಬರುವಾಗ ಸರ್ ಒಂದು ಮಾತು ಆಡಲಿಲ್ಲ. ಕೊಡೆ ಬಸ್ಸಿನಲ್ಲೇ ಬಿಟ್ಟು ಇಳಿದರು. ಮಳೆ ಬರ್ತಿತ್ತು." ಭಾವ ಇವತ್ತಿಗೂ ಯಾವ ಶಾಲೆಯ, ಯಾವ ಕಾಲೇಜಿನ ಮಾಸ್ತರರನ್ನೂ ಆಡಿಕೊಳ್ಳುವುದಿಲ್ಲ. ಸಂಬಳಕ್ಕೆ ಬಂದ ಹೊರದೇಶದವರು ಮಾತ್ರ ಅವರ ಪಾಲಿನ ಬೇಟೆ.

ಅಮೆರಿಕದಲ್ಲಿ ಕಾಲೇಜು ತಂಡದ ಕೋಚು ಎಂದರೆ ಬೇರೆಯೇ ಲೋಕ. ಅಲ್ಲಿನ ಫುಟ್‌ಬಾಲು ಕೈಯಲ್ಲಿ ಹಿಡಿದು ಓಡುವ ಆಟ. ಲಕ್ಷ ಜನ ಕೂರುವ ಮೈದಾನಗಳು ವಿಶ್ವವಿದ್ಯಾಲಯಗಳದ್ದೇ. 2023ರ ನವೆಂಬರಿನಲ್ಲಿ ಟೆಕ್ಸಸ್ ಎ ಆಂಡ್ ಎಂ ವಿಶ್ವವಿದ್ಯಾಲಯ ತನ್ನ ಕೋಚು ಜಿಂಬೊ ಫಿಶರನ್ನು ತೆಗೆದುಹಾಕಿದಾಗ ಒಪ್ಪಂದದ ಪ್ರಕಾರ ಅವನಿಗೆ ಕೊಡಬೇಕಾಗಿ ಬಂದ ಮೊತ್ತ ಸುಮಾರು 7.6 ಕೋಟಿ ಡಾಲರು, ನಮ್ಮ ಲೆಕ್ಕದಲ್ಲಿ 600 ಕೋಟಿ ರೂಪಾಯಿಗೂ ಮೀರಿದ್ದು. ಕೆಲಸ ಮಾಡದಿರಲು ಇಷ್ಟು ದುಡ್ಡು! ಇಂಥವನನ್ನು ಪಕ್ಕದ ವಿಶ್ವವಿದ್ಯಾಲಯದವರು ಗೇಲಿ ಮಾಡಿದರೆ ಅಯ್ಯೋ ಅನ್ನಲು ಯಾರಿಗೆ ಮನಸ್ಸು ಬರುತ್ತದೆ? ಅಲ್ಲಿನದೇ ಒಂದು ಹಳೆಯ ಅಧ್ಯಯನ ಚಾಲ್ದೀನಿ ಎಂಬ ಮನಶ್ಶಾಸ್ತ್ರಜ್ಞರದ್ದು, 1976ರದ್ದು. ಶನಿವಾರ ತಮ್ಮ ತಂಡ ಗೆದ್ದರೆ ಸೋಮವಾರ ಹೆಚ್ಚು ವಿದ್ಯಾರ್ಥಿಗಳು ಕಾಲೇಜಿನ ಅಂಗಿ ತೊಟ್ಟು ಬರುತ್ತಿದ್ದರು. ಗೆದ್ದ ಪಂದ್ಯದ ಬಗ್ಗೆ 'ನಾವು' ಎಂದೂ ಸೋತದ್ದರ ಬಗ್ಗೆ 'ಅವರು' ಎಂದೂ ಮಾತಾಡುತ್ತಿದ್ದರು. ಅದನ್ನೇ ಸ್ವಲ್ಪ ಮುಂದುವರಿಸಿದರೆ, ಎದುರಾಳಿ ಸೋತಾಗ ನಾವು 'ನಿಮ್ಮವ' ಎನ್ನುತ್ತೇವೆ. ನಿಮ್ಮ ಮನೋಲೋ, ನಿಮ್ಮ ಗ್ರೇಸನ್. ಗೆದ್ದ ಕೋಚನ್ನು ಯಾರೂ ಎದುರಾಳಿಗೆ ಹೀಗೆ ಉದಾರವಾಗಿ ಬಿಟ್ಟುಕೊಡುವುದಿಲ್ಲ.

ದೊಡ್ಡ ಕಥೆ ಕಂಠೀರವದ್ದು. 2023ರ ಮಾರ್ಚ್ 3, ಬೆಂಗಳೂರು–ಕೇರಳ ಬ್ಲಾಸ್ಟರ್ಸ್ ಪ್ಲೇಆಫ್. ಬ್ಲಾಸ್ಟರ್ಸ್ ಕೋಚು ಸರ್ಬಿಯಾದ ಇವಾನ್ ವುಕೊಮನೋವಿಚ್. ಮಲಯಾಳಿಗಳು ಅವರನ್ನು ಆಶಾನ್ ಎನ್ನುತ್ತಿದ್ದರು. ಆಶಾನ್ ಎಂದರೆ ಗುರು, ನಮ್ಮ ಗರಡಿಮನೆಯ ಉಸ್ತಾದ್ ಇದ್ದ ಹಾಗೆ. ಹೆಚ್ಚುವರಿ ಸಮಯದಲ್ಲಿ ಸಿಕ್ಕ ಫ್ರೀಕಿಕ್ಕನ್ನು ಎದುರಾಳಿಗಳು ಸಜ್ಜಾಗುವ ಮೊದಲೇ ಛೇತ್ರಿ ಬಲೆಗೆ ತೂರಿಸಿದರು. ರೆಫರಿ ಗೋಲು ಕೊಟ್ಟರು. ಆಶಾನ್ ಒಳಗೆ ಬಂದು ತಂಡವನ್ನು ಕರೆದುಕೊಂಡು ಹೊರಟೇಹೋದರು. ಪಂದ್ಯ ಬೆಂಗಳೂರಿನದಾಯಿತು. ದೇಶದ ಫುಟ್‌ಬಾಲ್ ಒಕ್ಕೂಟವಾದ ಎಐಎಫ್‌ಎಫ್ ಕ್ಲಬ್ಬಿಗೆ 4 ಕೋಟಿ ರೂಪಾಯಿ, ಕೋಚಿಗೆ 5 ಲಕ್ಷ ದಂಡ ಹಾಕಿ, ಕೋಚನ್ನು 10 ಪಂದ್ಯ ಹೊರಗಿಟ್ಟಿತು.

ಕಂಠೀರವದ ಪಶ್ಚಿಮ ಗ್ಯಾಲರಿಯ ವೆಸ್ಟ್ ಬ್ಲಾಕ್ ಬ್ಲೂಸ್ ಎಂಬ ಅಭಿಮಾನಿ ಕೂಟಕ್ಕೂ ಕೇರಳದ ಮಂಜಪ್ಪಡಕ್ಕೂ ಮೊದಲೇ ಎಣ್ಣೆ–ಸೀಗೆಕಾಯಿ. ಆಮೇಲೆ ಆದ ಗೇಲಿಗೆ ಲೆಕ್ಕವಿಲ್ಲ. ಆದರೆ ಇಲ್ಲಿ ಭಾವನ ಸೂತ್ರ ನಡೆಯಲಿಲ್ಲ. ಮನೋಲೋನನ್ನು ಅಂದರೆ ಭಾವನಿಗೆ ಏನೂ ಆಗದು. ಆಶಾನನ್ನು ಅಂದರೆ ಮಲಯಾಳಿಗೆ ಮನೆಯ ಹಿರಿಯನನ್ನೇ ಅಂದಂತೆ. ಕೋಚು ಒಮ್ಮೆ ಗುರುವಾಗಿಬಿಟ್ಟರೆ ಅವನಿಗೆ ನೆಂಟರು ಹುಟ್ಟುತ್ತಾರೆ. ನೆಂಟರಿದ್ದವನನ್ನು ಆಡಿಕೊಳ್ಳುವುದಕ್ಕೆ ಬೇರೆ ನಿಯಮ. ಬೆಂಗಳೂರಿನಲ್ಲಿ ಒಂದೇ ಪಿಜಿಯ ಒಂದೇ ಕೋಣೆಯಲ್ಲಿದ್ದ ಕಾರವಾರದ ಹುಡುಗನೂ ಕಣ್ಣೂರಿನ ಹುಡುಗನೂ ಆ ರಾತ್ರಿಯ ನಂತರ ಎರಡು ವಾರ ಮಾತು ಬಿಟ್ಟದ್ದು ನನಗೆ ಗೊತ್ತು.

ಕ್ರಿಕೆಟಿನದು ಇನ್ನೂ ಖಾರ, ಯಾಕೆಂದರೆ ಅಲ್ಲಿ ಗೇಲಿ ಮಾಡಿಸಿಕೊಂಡವನು ತಿರುಗಿ ನಿಲ್ಲುತ್ತಾನೆ. 2023ರ ಏಪ್ರಿಲ್ 10ರಂದು ಚಿನ್ನಸ್ವಾಮಿಯಲ್ಲಿ ಆರ್‌ಸಿಬಿಯ 212 ರನ್ನುಗಳನ್ನು ಲಖನೌ ಕೊನೆಯ ಎಸೆತದಲ್ಲಿ, ಒಂದು ವಿಕೆಟ್ ಉಳಿಸಿಕೊಂಡು ದಾಟಿತು. ಆ ತಂಡದ ಮೆಂಟರ್ ಗೌತಮ್ ಗಂಭೀರ್ ಗ್ಯಾಲರಿಯ ಕಡೆ ತಿರುಗಿ ತುಟಿಯ ಮೇಲೆ ಬೆರಳಿಟ್ಟರು. ಮೇ 1ರಂದು ಲಖನೌದಲ್ಲಿ ಕೊಹ್ಲಿ ಅದೇ ಬೆರಳನ್ನು ಹಿಂತಿರುಗಿಸಿದರು, ಇಬ್ಬರೂ ಎದುರುಬದುರಾದರು, ಇಬ್ಬರ ಪಂದ್ಯ ಶುಲ್ಕವೂ ಪೂರ್ತಿ ಹೋಯಿತು. ಅದೇ ಜಗಳದಲ್ಲಿದ್ದ ಅಫ್ಘನ್ ಬೌಲರ್ ನವೀನ್ ಉಲ್ ಹಕ್ ಆರ್‌ಸಿಬಿ ಸೋಲುವಾಗ ಮಾವಿನಹಣ್ಣಿನ ಚಿತ್ರ ಹಾಕಿ ರುಚಿ ವರ್ಣಿಸಿದ. ಲಖನೌ ಹೊರಬಿದ್ದಾಗ ದೇಶಕ್ಕೆ ದೇಶವೇ ಅವನಿಗೆ ಮಾವಿನಹಣ್ಣು ತೋರಿಸಿತು. ಅಂಕೋಲೆಯ ಕರಿ ಈಶಾಡ್ ಮಾವಿಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದ್ದೂ ಅದೇ ವರ್ಷ. ನಮ್ಮ ಈಶಾಡಿನ ಮುಂದೆ ಅವನು ತಿಂದದ್ದು ಯಾವ ಲೆಕ್ಕ ಎಂಬ ಚರ್ಚೆಯೂ ಇಲ್ಲಿನ ಚಾ ಅಂಗಡಿಯಲ್ಲಿ ನಡೆದುಹೋಯಿತು. ಆ ಋತುವಿನಲ್ಲಿ ನಾನು ಕಂಡ ಒಂದೇ ಉಪಯುಕ್ತ ಚರ್ಚೆ ಅದು.

ಗಂಭೀರರ ಮುಂದಿನ ದಾರಿ ಗಮನಿಸಬೇಕಾದ್ದು. 2024ರ ಮಾರ್ಚ್ 29ರಂದು ಕೋಲ್ಕತಾದ ಮೆಂಟರಾಗಿ ಚಿನ್ನಸ್ವಾಮಿಗೆ ಬಂದಾಗ ಕೊಹ್ಲಿಯನ್ನು ಅಪ್ಪಿಕೊಂಡರು. ಜುಲೈಯಲ್ಲಿ ಭಾರತದ ಕೋಚಾದರು, ಅಂದರೆ ಆರ್‌ಸಿಬಿಯವರಿಗೂ 'ನಮ್ಮವ'ರಾದರು. ಅಕ್ಟೋಬರಿನಲ್ಲಿ ಅದೇ ಚಿನ್ನಸ್ವಾಮಿಯಲ್ಲಿ ನ್ಯೂಜಿಲೆಂಡ್ ಎದುರು ಭಾರತ 46ಕ್ಕೆ ಆಲೌಟ್. 2025ರ ನವೆಂಬರಿನಲ್ಲಿ ದಕ್ಷಿಣ ಆಫ್ರಿಕಾ ಎದುರು ಗುವಾಹಟಿಯಲ್ಲಿ 408 ರನ್ನುಗಳ ಸೋಲು, ಗ್ಯಾಲರಿಯಿಂದ ಅವರ ಹೆಸರು ಹಿಡಿದೇ ಧಿಕ್ಕಾರ. ಎದುರಾಳಿಯ ಗೇಲಿ ಹೆಚ್ಚೋ ಸ್ವಂತದವರ ಸಿಟ್ಟು ಹೆಚ್ಚೋ ಎಂದು ಅವರನ್ನೇ ಕೇಳಬೇಕು. ಗೇಲಿಯಲ್ಲಿ ಕನಿಷ್ಠ ಒಬ್ಬನಾದರೂ ನಗುತ್ತಿರುತ್ತಾನೆ.

ಕಬಡ್ಡಿಯವರು ಈ ವಿಷಯದಲ್ಲಿ ನಮಗಿಂತ ತಣ್ಣಗಿನವರು. ಬೆಂಗಳೂರು ಬುಲ್ಸ್‌ಗೆ ಮೊದಲ ಋತುವಿನಿಂದಲೂ ಕೋಚಾಗಿದ್ದ ರಣಧೀರ್ ಸಿಂಗ್ 2019ರ ಜನವರಿಯಲ್ಲಿ ಪಟ್ಟ ತಂದುಕೊಟ್ಟರು. ಹನ್ನೊಂದನೇ ಋತುವಿನಲ್ಲಿ 22 ಪಂದ್ಯಗಳಲ್ಲಿ ಎರಡನ್ನು ಮಾತ್ರ ಗೆದ್ದು ಕೊನೆಯವರಾದರು. ಹನ್ನೊಂದು ಋತು ಒಬ್ಬನೇ ಕೋಚು ಎಂಬುದನ್ನು ಫುಟ್‌ಬಾಲಿನವರಿಗೆ ಹೇಳಿದರೆ ನಂಬಲಿಕ್ಕಿಲ್ಲ. ಆಮೇಲೆ ನಮ್ಮವರೇ ಆದ ಬಿ.ಸಿ. ರಮೇಶ್ ಬಂದರು. ಅಂಕೋಲೆಯ ಕಬಡ್ಡಿ ಅಂಕಣದ ಬದಿಯಲ್ಲಿ ಕೂತು ಬೇರೆ ತಂಡದ ಕೋಚನ್ನು ಆಡಿಕೊಂಡವರನ್ನು ನಾನು ನೋಡಿಲ್ಲ. ರೈಡರನ ತೊಡೆಯ ಬಗ್ಗೆ ಮಾತ್ರ ಮಾತು. ಅಲ್ಲಿ ತಪ್ಪು ಮಾಡಿದವನು ಕಣ್ಣೆದುರೇ ಮಣ್ಣು ಕಚ್ಚಿ ಬಿದ್ದಿರುತ್ತಾನೆ, ಬೇರೆ ಯಾರನ್ನೂ ಹುಡುಕಬೇಕಾಗಿಲ್ಲ.

ಮೊಬೈಲಿನಲ್ಲಿ ನಡೆಯುವ ಗೇಲಿಯ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಅಲ್ಲಿ ಕೋಚಿನ ಮೈಬಣ್ಣ, ಹೆಂಡತಿ, ಮಕ್ಕಳು ಎಲ್ಲ ಬರುತ್ತಾರೆ. ಅದನ್ನು ಹಗರಣ ಎಂದು ಕರೆಯಲು ಹಾಲಕ್ಕಿಗಳು ಒಪ್ಪಲಾರರು. ವೇಷ ಇದೆ, ಅಂಗಳ ಇಲ್ಲ.

ಮನೋಲೋ ಕಡೆಗೂ ಒಂದು ದೋಣಿಯಿಂದ ಕಾಲು ತೆಗೆದರು. ಸೆಮಿಫೈನಲ್ ಸೋತ ತಿಂಗಳೊಳಗೆ, ಮೇ 3ರಂದು, ಗೋವಾಕ್ಕೆ ಸೂಪರ್ ಕಪ್ ಗೆಲ್ಲಿಸಿದರು. ಭಾವ ಆ ರಾತ್ರಿ ಮತ್ತೆ ಚಾ ಹೇಳಿದರು, ಈ ಸಲ ಸೀಟಿ ಊದಿದ ಮೇಲೆ. ಭಾರತದ ಲೆಕ್ಕ ಎಂಟು ಪಂದ್ಯ, ಒಂದು ಗೆಲುವು. ಜುಲೈಯಲ್ಲಿ ಭಾರತ ತಂಡವನ್ನು ಬಿಟ್ಟು ಗೋವಾದಲ್ಲೇ ಉಳಿದರು. ನನ್ನ ಬತ್ತಳಿಕೆ ಅರ್ಧ ಖಾಲಿ.

ಅಷ್ಟರಲ್ಲಿ ಲೀಗೇ ನಿಂತಿತು. ಎಐಎಫ್‌ಎಫ್‌ಗೂ ಲೀಗು ನಡೆಸುವ ಕಂಪನಿಗೂ ನಡುವಿನ ಒಪ್ಪಂದ ಮುಗಿಯುತ್ತ ಬಂದಿತ್ತು, ಹೊಸ ಋತುವಿಗೆ ದಿನ ಗೊತ್ತಾಗಲಿಲ್ಲ. ಆಗಸ್ಟ್ ಮೊದಲ ವಾರ ಬೆಂಗಳೂರು ಎಫ್‌ಸಿ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲಕ್ಕೆ ತಡೆಹಿಡಿಯಿತು.

ಆ ತಿಂಗಳ ಕೊನೆಗೆ ಚೌತಿ. ಅಕ್ಕ, ಭಾವ, ಮಕ್ಕಳು ಹಿಂದಿನ ದಿನವೇ ಬಂದರು. ಗಣಪತಿಯ ಮೇಲೆ ತೂಗುವ ಮಾಟೊಳಿಗೆ ಕಾಯಿ–ಹಣ್ಣು ಕಟ್ಟುವಾಗ ಭಾವ ಕೆಳಗೆ, ನಾನು ಏಣಿಯ ಮೇಲೆ. ಒಂದು ಸಿಪ್ಪೆ ಅಡಿಕೆಯ ಗೊನೆ ಎತ್ತಿಕೊಡುತ್ತ ಕೇಳಿದರು: "ನಿಮ್ಮ ಕೋಚಿಗೆ ಸಂಬಳ ಬಂತಾ?"

ಕಾಲೆಳೆಯುತ್ತಿದ್ದಾರೆ ಎಂದುಕೊಂಡು ಕೆಳಗೆ ನೋಡಿದೆ. ಮುಖದಲ್ಲಿ ನಗು ಇರಲಿಲ್ಲ.

"ಇಲ್ಲ ಕಾಣ್ತದೆ. ನಿಮ್ಮದೂ ಅದೇ ಲೀಗಲ್ವಾ ಭಾವಾ?"

"ಹೌದು ಮಾರಾಯ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಹಗ್ಗ ಬಿಗಿ ಕಟ್ಟು, ಕಳೆದ ವರ್ಷ ಬಿದ್ದಿತ್ತು" ಎಂದು ಮುಂದಿನ ಗೊನೆ ಕೊಟ್ಟರು.